ಕಾರ್ ನಿಕೋಬಾರಿನಿಂದ ಒಂದು ಗಂಟೆ

ನಾನಾಗ ಕಿಬ್ಬನಹಳ್ಳಿಯ ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ನನ್ನ ತಮ್ಮ ಕಾರ್ ನಿಕೋಬಾರ್ ದ್ವೀಪದಲ್ಲಿ ರಸ್ತೆ ಕೆಲಸದ ಓವರ್‌ಸಿಯರ್. ಅಪ್ಪನಿಗೆ ಉಬ್ಬಸ ವಿಪರೀತವಾದ ದಿನ ಅಣ್ಣ ತಿಪಟೂರಿಗೆ ಹೋಗಿ ಅವನಿಗೆ ತಂತಿ ಕೊಟ್ಟು ಬಂದ. ಮಾರನೆಯ ಮಧ್ಯಾಹ್ನ ಅಪ್ಪ ತೀರಿಕೊಂಡರು; ಇನ್ನೊಂದು ತಂತಿ ಹೋಯಿತು. ತಮ್ಮನಿಗಾಗಿ ಒಂದು ದಿನ ಕಾದು, ತೋಟದಲ್ಲೇ ಮಣ್ಣು ಮಾಡಿದೆವು.

ಐದನೆಯ ದಿನವೂ ತಮ್ಮನ ಸುಳಿವಿರಲಿಲ್ಲ. ಅಣ್ಣ ನನ್ನನ್ನು ಕರೆದು, "ನೀನು ಓದಿದೋಳು ಕಣವ್ವ. ಅವನಿರೋ ತಾವಿಂದ ಎಷ್ಟೊತ್ತಿನ ದಾರಿ, ಅಳೆದು ಹೇಳು" ಅಂದ.

ಶಾಲೆಯ ನಕ್ಷೆಯ ಮೇಲೆ ನೂಲಿಟ್ಟು ಅಳೆದೆ. ಕಾರ್ ನಿಕೋಬಾರಿನ ವಿಮಾನ ನಿಲ್ದಾಣದಿಂದ ಪೋರ್ಟ್ ಬ್ಲೇರಿನ ನಿಲ್ದಾಣಕ್ಕೆ ಇನ್ನೂರ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಮಧ್ಯೆ ಬರೀ ಸಮುದ್ರ.

"ವಿಮಾನದಲ್ಲಿ ಒಂದು ಗಂಟೆ. ಅಲ್ಲಿಂದ ಮದ್ರಾಸಿಗೆ ಇನ್ನೊಂದು ವಿಮಾನ, ಆಮೇಲೆ ರೈಲು" ಎಂದೆ. ಲೆಕ್ಕ ಬಂದ ಹೆಮ್ಮೆ ನನ್ನ ದನಿಯಲ್ಲಿತ್ತು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅಣ್ಣನಿಗೆ ಮದ್ರಾಸು, ರೈಲು ಯಾವುದೂ ಕೇಳಿಸಲಿಲ್ಲ. ಒಂದು ಗಂಟೆ ಎಂಬುದಷ್ಟೇ ತಲೆಗೆ ಹೊಕ್ಕಿತು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದ.

ಒಂಬತ್ತನೆಯ ದಿನ ಬೆಳಗ್ಗೆ ತಮ್ಮ ಬಸ್ಸಿಳಿದು ಬಂದ. ಅಣ್ಣ ಹಿತ್ತಲಲ್ಲಿ ತಿಥಿಯ ಅಡುಗೆಗೆ ಕಾಯಿ ಸುಲಿಯುತ್ತಿದ್ದವನು ಎದ್ದು ನಿಂತ.

"ಒಂದ್ ಗಂಟೆ ದಾರಿ! ಇಷ್ಟು ದಿನ ಎಲ್ಲಿ ಸತ್ತಿದ್ಯಲಾ?"

"ವಿಮಾನ ಇರ್ಲಿಲ್ಲ ಕಣಣ್ಣ..."

ಮಾತು ಮುಗಿಯುವ ಮೊದಲೇ ಕಪಾಳಕ್ಕೆ ಬಿತ್ತು. ಎರಡನೆಯದು ಕಿವಿಯ ಮೇಲೆ. ಆಮೇಲೆ ಹೊಟ್ಟೆಗೆ ಒದ್ದ. ತಮ್ಮ ತನ್ನ ಕೈಯಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ಬೀಸಿ ಅಣ್ಣನ ಬಾಯಿಗೆ ಹೊಡೆದ. ಮುಂದಿನ ಎರಡು ಹಲ್ಲು ಮುರಿದು ಗದ್ದದ ತುಂಬ ರಕ್ತ. ಅಣ್ಣ ಅದನ್ನು ಒರೆಸಿಕೊಳ್ಳಲೂ ಇಲ್ಲ, ತಮ್ಮನ ಎದೆಗೆ ಎರಡೂ ಕೈಯಿಂದ ನೂಕಿದ. ತಮ್ಮ ಹಿಂದಕ್ಕೆ ಬೀಳುತ್ತ ಬಲಗೈ ಊರಿದ. ಅಲ್ಲಿ ಕಾಯಿ ಸುಲಿಯುವ ಕಬ್ಬಿಣ ನೆಟ್ಟಿತ್ತು. ಅದರ ಮೊನೆ ಅಂಗೈಯಲ್ಲಿ ಹೊಕ್ಕು ಹಿಂಗೈಯಲ್ಲಿ ಬಂತು.

ಅವನು ಕೂಗಿದ ಕೂಗಿಗೆ ಕೊಟ್ಟಿಗೆಯ ದನಗಳು ಹಗ್ಗ ಜಗ್ಗಿದವು. ಅಷ್ಟಾದರೂ ಅಣ್ಣ ಒದೆಯುತ್ತಲೇ ಇದ್ದ. ಬಿಡಿಸಲು ಹೋದ ನನಗೂ ಏಟು ಬಿತ್ತು. ಬೇರೆ ದಾರಿ ಕಾಣದೆ ಅಣ್ಣನ ತೋಳು ಕಚ್ಚಿದೆ, ರಕ್ತ ಬರುವವರೆಗೂ. ಆಗ ನಿಂತ.

ಕಾಯಿ ಲಾರಿಯೊಂದರಲ್ಲಿ ತಮ್ಮನನ್ನು ತಿಪಟೂರಿನ ಆಸ್ಪತ್ರೆಗೆ ಕರೆದೊಯ್ದೆ. ಹೊಲಿಗೆ ಹಾಕಿದ ಡಾಕ್ಟರಿಗೆ ಅವನು, "ಜಾರಿ ಬಿದ್ದೆ" ಅಂದ.

ಹೊರಗೆ ಬೆಂಚಿನ ಮೇಲೆ ಕೂತಾಗ ಹೇಳಿದ: "ನಿನ್ನ ಲೆಕ್ಕ ಸರಿ ಅಕ್ಕ, ಒಂದೇ ಗಂಟೆ. ಆದ್ರೆ ಅಲ್ಲಿ ದಿನಾ ವಿಮಾನ ಇರಲ್ಲ. ಮೇಲೆ ಬಿರುಗಾಳಿ ಬೇರೆ. ಐದು ದಿನ ನಿಲ್ದಾಣದಲ್ಲಿ ಪೆಟ್ಟಿಗೆ ಮೇಲೆ ಕೂತು ಆಕಾಶ ನೋಡ್ದೆ. ಅಪ್ಪ ಹೋದ ತಂತಿ ಅಲ್ಲೇ ಕೈಗೆ ಬಂತು."

ಮನೆಗೆ ಬಂದು ಅಣ್ಣನಿಗೆ ಅದನ್ನೆಲ್ಲ ಹೇಳಿದೆ. ಮರುದಿನದಿಂದ ಅವನು ಬಚ್ಚಲಲ್ಲಿ ತಮ್ಮನಿಗೆ ತಾನೇ ನೀರು ಹುಯ್ದ, ಬೆನ್ನು ಉಜ್ಜಿದ. ಇಬ್ಬರ ನಡುವೆ ಮಾತಿರಲಿಲ್ಲ. ತಮ್ಮನ ಎರಡು ಬೆರಳು ಮತ್ತೆ ಮಡಚಲೇ ಇಲ್ಲ.

ಅವನು ಹೊರಟ ದಿನ ಬಸ್ಸಿನ ಹತ್ತಿರ ಅಣ್ಣ ಕೇಳಿದ, "ಈಗ ವಿಮಾನ ಐತೇನ್ಲಾ?"

"ಗೊತ್ತಿಲ್ಲ ಕಣಣ್ಣ. ಹೋಗಿ ಕಾಯ್ಬೇಕು."