ಹುಳದ ಮನೆಯ ಅಕ್ಕ, ನನ್ನ ಇಲಿಗಳು

ಮೊನ್ನೆ ಚಿಂತಾಮಣಿ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಹಿಪ್ಪುನೇರಳೆ ಸೊಪ್ಪಿನ ಮೂಟೆ ತಂದಿಟ್ಟರು. ಒದ್ದೆ ಗೋಣಿಯೊಳಗೆ ಸೊಪ್ಪು ಬಿಸಿಯೇರಿದಾಗ ಬರುವ ವಾಸನೆ ಗೊತ್ತಿದ್ದವರಿಗೇ ಗೊತ್ತು. ಶಿಡ್ಲಘಟ್ಟದ ಪಕ್ಕದ ನಮ್ಮೂರು, ನಮ್ಮ ಹಿಂದಿನ ಮನೆಯ ಅಕ್ಕ, ಅವಳ ರೇಷ್ಮೆಹುಳದ ಮನೆ... ನಾನು ಇಳಿಯಬೇಕಾದ ಸ್ಟಾಪು ದಾಟಿದ್ದೇ ತಿಳಿಯಲಿಲ್ಲ.

ಅಕ್ಕನಿಗೆ ಒಬ್ಬ ಮಗ. ಐದು ವರ್ಷ ತುಂಬುವವರೆಗೆ ಚೆನ್ನಾಗಿಯೇ ಇದ್ದ. ಆಮೇಲೆ ನಡೆಯುವಾಗ ಎಡವತೊಡಗಿದ, ಕಣ್ಣು ಮಂಜಾಯಿತು, ಕಲಿತ ಮಾತುಗಳು ಒಂದೊಂದಾಗಿ ಹೋದವು. ಮಕ್ಕಳಿಗೆ ಬಲು ಅಪರೂಪಕ್ಕೆ ಬರುವ ರೋಗ. ಅದರ ಕಾರಣ ಹುಡುಕಲು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಅಂಥದೇ ರೋಗದ ಇಲಿಗಳನ್ನು ಸಾಕುತ್ತಾರೆಂದು ತಿಳಿದು ನಾನು ಅಲ್ಲಿ ಸೇರಿದ್ದೆ. "ನಾವು ಹುಳ ಸಾಕ್ತೀವಿ, ನೀನು ಇಲಿ ಸಾಕು. ಇದಕ್ಕೆ ಅಷ್ಟೊಂದು ಓದ್ಬೇಕಿತ್ತಾ?" ಎಂದು ಅಪ್ಪ ರೇಗಿಸುತ್ತಿದ್ದರು. ಅಕ್ಕ ಮಾತ್ರ ನಗುತ್ತಿರಲಿಲ್ಲ.

ಅವಳನ್ನು ಸೋದರಮಾವನಿಗೇ ಕೊಟ್ಟಿದ್ದರು. ಹಾಗಾಗಿ ಅತ್ತೆಯೆಂದರೆ ಅವಳ ತಾಯಿಯ ತಾಯಿ, ಸ್ವಂತ ಅಜ್ಜಿ. ಆದರೆ ಬಾಯಿ ಅಪ್ಪಟ ಅತ್ತೆಯದು. ಬಸುರಿಯಾಗಿದ್ದಾಗ ಹುಳದ ಮನೆಗೆ ಔಷಧಿ ಹೊಡೆದಳು, ಅದಕ್ಕೇ ಮಗು ಹೀಗಾಯಿತು ಎಂದು ಊರೆಲ್ಲ ಸಾರಿದ್ದಳು. ಕೊನೆಗೆ ಡಾಕ್ಟರು, ಔಷಧಿಯಿಂದಲ್ಲ, ಇದು ಹುಟ್ಟಿನಿಂದಲೇ ಬಂದದ್ದು ಎಂದರು. ಅಕ್ಕ ಆಗ ಮತ್ತೆ ನಾಲ್ಕು ತಿಂಗಳ ಬಸುರಿ. ಡಾಕ್ಟರು ಮುಂದೆ ಹೇಳಿದ್ದೊಂದೂ ಅವಳ ಕಿವಿಗೆ ಬೀಳಲಿಲ್ಲ.

ನಮ್ಮ ಕಡೆ ಹುಳ ಸಾಕುವವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಸಾಕುವವರಿಗೆ ಮೊಟ್ಟೆ ಒದಗಿಸುವ ಬಿತ್ತನೆ ಕೋಠಿಯಲ್ಲಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತಾಯಲ್ಲಿ ರೋಗ ಕಂಡರೆ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುತ್ತಾರೆ. ಗಂಡು ಚಿಟ್ಟೆಯ ಗೊಡವೆಗೆ ಯಾರೂ ಹೋಗುವುದಿಲ್ಲ.

ಆ ಭಾನುವಾರ ನಾನು ಹೋದಾಗ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು ಹತ್ತಿರವಾಗಿತ್ತು. ಹೊರಗಿನವರು ಒಳಗೆ ಹೋಗುವಂತಿಲ್ಲ, ಅದರಲ್ಲೂ ಇಲಿ ಮುಟ್ಟಿದವಳು. ಹೊಸ್ತಿಲಿನ ಸುಣ್ಣದ ಪುಡಿಯ ಈಚೆಗೇ ನಿಂತೆ. ಒಳಗೆ ಹುಳ ಮೇಯುವ ಸದ್ದು. ಅಕ್ಕ ಸೊಪ್ಪು ಹರವುತ್ತಲೇ ಮಾತಾಡಿದಳು.

"ನಾಳೆ ಆಸ್ಪತ್ರೆಗೆ ಹೋಗ್ತಾ ಇದೀನಿ. ತೆಗೆಸಿಬಿಡ್ತೀನಿ."

"ಯಾಕಕ್ಕ? ಡಾಕ್ಟ್ರು ಹಂಗಂದ್ರಾ?"

"ತಾಯಿ ಚಿಟ್ಟೇಲಿ ರೋಗ ಇದ್ರೆ ಮೊಟ್ಟೆ ಏನ್ ಮಾಡ್ತಾರೆ? ನೀನೇ ಹೇಳಮ್ಮ."

ರಾತ್ರಿ ಕಳೆದರೆ ಸೋಮವಾರ. ನನಗೆ ಗೊತ್ತಿದ್ದದ್ದು ಇಲಿಗಳ ವಿಷಯ ಮಾತ್ರ, ಅದನ್ನೇ ಹೇಳಿದೆ. ನಮ್ಮಲ್ಲಿ ಅಪ್ಪ ಇಲಿ, ಅಮ್ಮ ಇಲಿ ಎರಡೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತವೆ. ಎರಡರಲ್ಲೂ ಕಾಣದ ಒಂದೊಂದು ದೋಷ ಇರುತ್ತದೆ. ಆ ಎರಡೂ ಒಂದೇ ಮರಿಗೆ ಬಂದರೆ ಮಾತ್ರ ರೋಗ. ಒಂದೇ ಸೂಲಿನಲ್ಲಿ ಒಂದು ಮರಿ ತತ್ತರಿಸುತ್ತಿದ್ದರೆ ಇನ್ನೊಂದು ಗೂಡೆಲ್ಲ ಜಿಗಿದಾಡುತ್ತಿರುತ್ತದೆ. ಅಕ್ಕನ ಹೊಟ್ಟೆಯಲ್ಲಿರುವುದು ಯಾವ ಬಗೆಯದೆಂದು ಗರ್ಭದ ನೀರು ಪರೀಕ್ಷಿಸಿ ಹೇಳಬಹುದು...

ಅಕ್ಕನ ಕೈ ನಿಂತಿತು. "ಗಂಡಿಲೀದೂ ಪಾಲೈತಾ?"

"ಐತಕ್ಕ. ಒಬ್ರದೇ ಆದ್ರೆ ರೋಗ ಬರೋದೇ ಇಲ್ಲ. ನಿಮ್ಮಿಬ್ರಿಗೂ ಒಂದೇ ಮನೆಯಿಂದ ಬಂದಿರ್ಬೇಕು. ಅಜ್ಜಂದೋ, ಅಜ್ಜೀದೋ."

ಹುಳದ ತಟ್ಟೆಗಳ ಆಚೆ ಬದಿಯಲ್ಲಿ ಅತ್ತೆ ಮುದುಕಿ ಕೂತಿದ್ದನ್ನು ನಾನು ನೋಡಿರಲಿಲ್ಲ. ಅವಳು ಮೆಲ್ಲಗೆ ಎದ್ದಳು. ಮಡಿಲಿನ ಸೊಪ್ಪು ನೆಲಕ್ಕೆ ಚೆಲ್ಲಿತು. "ನನ್ನಿಂದಾನಾ?" ಎಂದಳು.

ಈಗ ಬೀಳುತ್ತದೆ ಏಟು ಎಂದುಕೊಂಡೆ. ಮೂರು ವರ್ಷ ಅನ್ನಿಸಿಕೊಂಡವಳ ಕೈಗೆ ಕತ್ತಿ ಕೊಟ್ಟಹಾಗಾಗಿತ್ತು. ಅಕ್ಕ ಮುದುಕಿಯನ್ನೇ ನೋಡುತ್ತ ನಿಂತಳು. ಆಮೇಲೆ ಬಗ್ಗಿ, ಚೆಲ್ಲಿದ ಸೊಪ್ಪನ್ನು ಬಾಚಿ ಬೇರೆಯಾಗಿ ಇಟ್ಟಳು.

"ಯಾರಿಂದಾನೂ ಅಲ್ಲ. ಬೇರೆ ಸೊಪ್ಪು ತಗೊಂಡು ಹಾಕವ್ವ, ಹುಳ ಕಾಯ್ತಾವೆ."

ಮಾರನೆಯ ದಿನ ಆಸ್ಪತ್ರೆಗೆ ಹೋದದ್ದು ಪರೀಕ್ಷೆಗೆ. ವರದಿ ಬರುವವರೆಗೆ ಆ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿರಲಾರರು. ನಾನಂತೂ ಫೋನು ರಿಂಗಾದಾಗಲೆಲ್ಲ ಬೆಚ್ಚುತ್ತಿದ್ದೆ. ಕೊನೆಗೆ ಮಗುವಿಗೆ ರೋಗವಿಲ್ಲ ಎಂದು ಬಂತು. ಹೆಣ್ಣು ಹುಟ್ಟಿತು.

ಹುಡುಗ ಇಳಿಯುತ್ತಲೇ ಹೋದ. ಕೊನೆಯ ದಿನಗಳಲ್ಲಿ ಅಕ್ಕ ಕೇಳಿದಳು, "ನಿನ್ ಇಲಿಗಳು ಕಾಯ್ಲೆ ಜಾಸ್ತಿ ಆದ್ರೆ ಏನ್ ಮಾಡ್ತಾವೆ?" ಜೊತೆಯ ಮರಿಗಳ ಮೈಗೆ ಒತ್ತಿಕೊಂಡು ಮಲಗುತ್ತವೆ ಎಂದೆ. ನಾನು ಕಂಡದ್ದು ಅದನ್ನೇ. ಅಕ್ಕ ತೊಟ್ಟಿಲಿನ ಕೂಸನ್ನು ಎತ್ತಿ ತಂದು ಅವನ ಮಗ್ಗುಲಿಗೆ ಮಲಗಿಸಿದಳು. ಕಣ್ಣು ಕಾಣದ ಹುಡುಗ ಕೈ ತಡವಿ ಅದರ ಕಾಲು ಹಿಡಿದುಕೊಂಡ. ಅಂದಿನಿಂದ ದಿನವೂ ಹಾಗೇ ಮಲಗಿಸುತ್ತಿದ್ದಳು. ಒಂದು ಬೆಳಗ್ಗೆ ಹಾಗೇ ಹೋಗಿದ್ದ...

ಹೋದ ವರ್ಷ ಅಕ್ಕನೂ ಜ್ವರಕ್ಕೆ ತೀರಿಕೊಂಡಳು. ಆ ಕೂಸು ಈಗ ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದುತ್ತಿದ್ದಾಳೆ. ಆಗಾಗ ಫೋನು ಮಾಡಿ, ಅಣ್ಣ ಹೇಗಿದ್ದ, ತಾನು ಅವನನ್ನು ನೋಡಿದ್ದುಂಟಾ ಎಂದು ಕೇಳುತ್ತಾಳೆ. ನೀನು ನೋಡಿದ್ದೆ ಎನ್ನುತ್ತೇನೆ. ಅವನು ಹಿಡಿದುಕೊಂಡಿದ್ದ ಆ ಕಾಲಿನ ಸಂಗತಿ, ಮಿಕ್ಕದ್ದನ್ನು ಹೇಳಬೇಕಾದವಳು ಅಕ್ಕ. ನನಗೆ ಬಾಯಿ ಬರುವುದಿಲ್ಲ.