ಎಡಗಡೆಯ ಮುಖ

ಮೊದಲಿಗೇ ಓದುಗರ ಕ್ಷಮೆ ಕೋರಿಬಿಡುತ್ತೇನೆ. ನನ್ನ ಕನ್ನಡ ನಮ್ಮ ಊರು ಮೈಂದರ್ಗಿಯ ಪ್ರಾಥಮಿಕ ಶಾಲೆಯಲ್ಲಿ ಕಲಿತದ್ದು. ಅನಂತರದ ವಿದ್ಯೆಯೆಲ್ಲ ಮರಾಠಿಯಲ್ಲಿ, ಕೊನೆಯ ಕೆಲವು ವರ್ಷಗಳದ್ದು ಅರೆಬರೆ ಇಂಗ್ಲಿಷಿನಲ್ಲಿ. ಪ್ರತಿ ವಾರವೂ ಈ ಅಂಕಣವನ್ನು ಬರೆದು, ತಿದ್ದಿ, ಮತ್ತೆ ತಿದ್ದಿ, ಅಳುಕುತ್ತಲೇ ಸಂಪಾದಕರಿಗೆ ಕಳಿಸುವವನು ನಾನು. ಈ ವಾರ ತಪ್ಪುಗಳು ಹೆಚ್ಚಾಗಿ ಕಂಡರೆ ಅದಕ್ಕೆ ಭಾಷೆಯೊಂದೇ ಕಾರಣವಲ್ಲ. ಹೇಳಬೇಕಾದ ಸಂಗತಿಯೇ ಹಾಗಿದೆ.

ಕಳೆದ ತಿಂಗಳು ನನ್ನ ತಂದೆಯವರ ಮುಖ ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗೆ ಗೋಡೆಗೋಡೆಗೂ ಅಂಟಿಕೊಂಡಿತ್ತು. ಮಿಲ್ಲಿನ ಗೇಟಿನ ಪಕ್ಕದಲ್ಲಿ, ಮೋಟಾರ್ ಸ್ಟ್ಯಾಂಡಿನ ಕಂಬದ ಮೇಲೆ, ಚಹಾದಂಗಡಿಯ ಬಾಗಿಲಿನ ಹಲಗೆಯ ಮೇಲೆ.

(ಅವರು ಚುನಾವಣೆಗೆ ನಿಂತಿರಲಿಲ್ಲ. ಪೊಲೀಸರು ಅವರನ್ನು ಹುಡುಕುತ್ತಲೂ ಇರಲಿಲ್ಲ.)

ಆ ಮುಖವನ್ನು ಬರೆದವನು ನಾನು. ಬರೆದು, ನನ್ನ ತಂಗಿಯ ಲಗ್ನವನ್ನು ಅಪಾಯಕ್ಕೆ ಸಿಕ್ಕಿಸಿದವನೂ ನಾನೇ.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮ ಮನೆತನದಲ್ಲಿ ಕಾಲೇಜೆಂಬ ಕಟ್ಟಡದ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಪ್ಪ ಇಲ್ಲಿನ ಬಟ್ಟೆಯ ಮಿಲ್ಲಿನಲ್ಲಿ ಮಗ್ಗದ ಖಾತೆಯ ಕಾರ್ಮಿಕರು. ಊರಿನ ಹೊಲವನ್ನು ದೊಡ್ಡಪ್ಪನಿಗೆ ಬಿಟ್ಟು, ಸೊಲ್ಲಾಪುರದ ಕಾರ್ಮಿಕರ ಸಾಲುಮನೆಗೆ, ಚಾಳಿಗೆ ಬಂದು, ನನ್ನನ್ನು ಮುಂಬೈಗೆ ಕಳಿಸಿ ಚಿತ್ರಕಲೆ ಓದಿಸಿದರು. ಡಿಪ್ಲೊಮಾ ಹಿಡಿದು ಮರಳಿದ ನನ್ನನ್ನು ಈ ಪಟ್ಟಣ ಕೇಳಿದ್ದೇನು? ಅಂಗಡಿಯ ಬೋರ್ಡು ಬರೆಯುತ್ತೀರಾ? ಬೀಡಿಯ ಲೇಬಲ್ ಬರೆಯುತ್ತೀರಾ? ಲಗ್ನದ ಮನೆಯ ಬಾಗಿಲಿಗೆ ಆನೆ ಬರೆಯುತ್ತೀರಾ? ನಾನು ಇಲಸ್ಟ್ರೇಟರ್ ಎಂದು ಪರಿಚಯಿಸಿಕೊಂಡರೆ ಚಾಳಿನವರು ಕನಿಕರದಿಂದ ತಲೆಯಾಡಿಸುತ್ತಿದ್ದರು. "ಅಂದ್ರ ಪೇಂಟರ್ ಅನ್ನು. ಅದರಾಗೇನು ನಾಚಿಕಿ?"

ಹೀಗಿರುವಾಗ ಒಂದು ಪ್ರೆಸ್ಸಿನ ಮಾಲಕರು ಕರೆದು ಮೊದಲ ದೊಡ್ಡ ಆರ್ಡರ್ ಕೊಟ್ಟರು. ಶಕ್ತಿವರ್ಧಕ ಟಾನಿಕ್ಕಿನ ಪೋಸ್ಟರ್. ಎರಡು ಮುಖ ಬೇಕು. ಎಡಗಡೆ ಔಷಧ ಕುಡಿಯುವ ಮುಂಚಿನ ಮನುಷ್ಯ, ಬಲಗಡೆ ಕುಡಿದ ಮೇಲಿನ ಮನುಷ್ಯ. ಕೆಳಗೆ ಮರಾಠಿಯಲ್ಲಿ ರೋಗಗಳ ವರ್ಣನೆ. ಸೊಲ್ಲಾಪುರದಲ್ಲಿ ಮತ್ತಾವ ಭಾಷೆಯಲ್ಲಿ ಅಚ್ಚು ಹಾಕಿಸುತ್ತಾರೆ?

ಎಡಗಡೆಯ ಮುಖಕ್ಕಾಗಿ ನಾನು ಎಲ್ಲಿಗೂ ಹೋಗಬೇಕಾಗಲಿಲ್ಲ. ಮಧ್ಯಾಹ್ನ ಮೊದಲ ಪಾಳಿ ಮುಗಿಸಿ ಅಪ್ಪ ಮನೆಗೆ ಬಂದು ಗೋಡೆಗೆ ಒರಗಿದ್ದರು. ಹುಬ್ಬಿನ ಮೇಲೆ, ಕಿವಿಯ ಕೂದಲಲ್ಲಿ ಹತ್ತಿಯ ಧೂಳು. ಕೆನ್ನೆ ಒಳಗೆ ಹೋಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಜೀವಂತ ಮಾದರಿಯನ್ನು ಎದುರಿಗಿಟ್ಟುಕೊಂಡು ಬರೆಯಬೇಕೆಂದು ನಮ್ಮ ಗುರುಗಳು ಹೇಳಿಕೊಟ್ಟಿದ್ದರಲ್ಲ? ನಾನು ಬೋರ್ಡು, ಪೆನ್ಸಿಲು ತೆಗೆದುಕೊಂಡು ಎದುರು ಕುಳಿತೆ.

"ಅಪ್ಪಾ, ಹಂಗs ಕುಂದುರು. ಅಳ್ಳಾಡಬ್ಯಾಡ."

"ನಂದ್ಯಾಕ ತಗೀತಿಯೋ ತಮ್ಮಾ? ಮಾರಿ ತೊಳದಿಲ್ಲ, ಪಟಕಾ ಸುತ್ತಿಲ್ಲ. ತಡಿ, ಬಂದೆ."

"ಬ್ಯಾಡ ಬ್ಯಾಡ. ಹಿಂಗs ಬೇಕು."

ಹಿಂಗೇ ಬೇಕು! ಎಷ್ಟು ಸಲೀಸಾಗಿ ಅಂದುಬಿಟ್ಟೆ. ಅಪ್ಪ ಮತ್ತೆ ಗೋಡೆಗೆ ಒರಗಿದರು. ಪಾಪ, ನನಗೆ ಅನುಕೂಲವಾಗಲೆಂದು ಕೆಮ್ಮನ್ನು ತಡೆದುಕೊಂಡು ಕುಳಿತರು. ಚಿತ್ರವನ್ನು ಎಲ್ಲಿ ಹಾಕುತ್ತಾರೆ ಎಂದಷ್ಟೇ ಕೇಳಿದರು. ಊರ ತುಂಬ ಎಂದೆ. ಅವರ ಮುಖ ಅರಳಿತು. (ಅರಳಬೇಡವೆಂದು ಮತ್ತೆ ಹೇಳಬೇಕಾಯಿತು.)

ಬಲಗಡೆಯ ಮುಖ? ಅದಕ್ಕಾಗಿ ನಾನು ಮನೆಯಲ್ಲಿ ಹುಡುಕಲೇ ಇಲ್ಲ. ಮುಂಬೈಯಿಂದ ತಂದಿದ್ದ ಹಳೆಯ ಮಾಸಿಕವೊಂದರಲ್ಲಿ ಗಡ್ಡದ ಸೋಪಿನ ಜಾಹೀರಾತಿತ್ತು. ತುಂಬಿದ ಕೆನ್ನೆ, ಸುರುಳಿ ಕೂದಲು, ಹೊಳೆಯುವ ಹಲ್ಲು. ಅವನನ್ನೇ ನೋಡಿ ಬರೆದೆ. ಮಾಲಕರ ಸೂಚನೆಯ ಮೇರೆಗೆ ಕೋಟನ್ನೂ ತೊಡಿಸಿದೆ. ಮಾಲಕರು ಬಲಗಡೆಗೆ ಕಣ್ಣು ಹಾಕಲೇ ಇಲ್ಲ. "ವಾ! ಡಾವೀಕಡಚಾ ಮಾಣೂಸ್ ಅಗದೀ ಖರಾ ವಾಟತೋ!" ಎಂದರು. ಎಡಗಡೆಯ ಮನುಷ್ಯ ತೀರ ನಿಜವಾಗಿ ಕಾಣುತ್ತಾನಂತೆ.

ನಾನು ಉಬ್ಬಿಹೋದೆ.

ಅಪ್ಪ ಕನ್ನಡ ಅಕ್ಷರ ಬಲ್ಲರು. ಬೆರಳಿಟ್ಟು ನಿಧಾನವಾಗಿ ಓದುತ್ತಾರೆ. ಮರಾಠಿಯನ್ನು ನೀರು ಕುಡಿದಂತೆ ಮಾತಾಡುತ್ತಾರೆ, ಓದಲಾರರು. ನಮ್ಮ ಕಡೆ ಹೀಗಿರುವ ಹಿರಿಯರು ಮನೆಗೊಬ್ಬರು ಸಿಗುತ್ತಾರೆ. ಬಾಯಿಗೆ ಎರಡು ಭಾಷೆ, ಕಣ್ಣಿಗೆ ಒಂದೇ. ಆದ್ದರಿಂದ ಮಿಲ್ಲಿನ ಗೇಟಿನ ಬಳಿ ಪೋಸ್ಟರ್ ಅಂಟಿದ ದಿನ ಅಪ್ಪ ಓದಿದ್ದು ತಮ್ಮ ಮುಖವನ್ನು ಮಾತ್ರ. ಮಗ ತಂದೆಯ ಚಿತ್ರ ಬರೆದು ಊರಿಗೆ ತೋರಿಸಿದ್ದಾನೆ. ಅವರಿಗೆ ಕಂಡ ಅರ್ಥ ಅಷ್ಟೇ. ಪಾಳಿ ಬಿಟ್ಟ ಮೇಲೆ ಜೊತೆಗಾರರನ್ನೆಲ್ಲ ಕರೆದು ತಂದು ನಿಲ್ಲಿಸಿದರು. ನನ್ನನ್ನೂ ಬರಹೇಳಿದ್ದರು. ನಾನು ತುಸು ದೂರದಲ್ಲಿ, ಹೊಗಳಿಕೆ ಕೇಳಲು ಅನುಕೂಲವಾಗುವಷ್ಟು ದೂರದಲ್ಲಿ ನಿಂತಿದ್ದೆ.

"ನೋಡ್ರೋ, ನಮ್ಮ ಮಲ್ಲು ತಗದಾನ! ಯಾರಂತ ಹೇಳ್ರಿ ನೋಡೂಣು?"

"ಏ, ನೀನs ಅಲ್ಲೇನೋ ಬಸಣ್ಣ! ಹುಬ್ಬಿನ ಮ್ಯಾಲಿನ ಗಾಯ ಸೈತ ಬಿಟ್ಟಿಲ್ಲಲ್ಲೋ ಹುಡುಗ!"

ಎಲ್ಲರಿಗೂ ಚಹಾ ಬಂತು. ಅಷ್ಟರಲ್ಲಿ ಪಕ್ಕದ ಮಗ್ಗದ ಸಿದ್ರಾಮ ಕಾಕಾ ಬಂದರು. ಮರಾಠಿ ಶಾಲೆ ಕಲಿತವರು. ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. "ಅಶಕ್ತಪಣಾ... ಜುನಾ ಖೋಕಲಾ... ರಕ್ತಾಚಾ ಅಭಾವ..." ನಿಶ್ಶಕ್ತಿ, ಹಳೆಯ ಕೆಮ್ಮು, ರಕ್ತಹೀನತೆ. ಓದುತ್ತ ಓದುತ್ತ ಅವರ ದನಿ ಇಳಿಯಿತು. ಕೊನೆಯ ಸಾಲಿನಲ್ಲಿ ಕ್ಷಯದ ಹೆಸರಿತ್ತು. ಅದನ್ನು ಅವರು ಓದಲಿಲ್ಲ.

ಹಿಂದೆ ನಿಂತಿದ್ದ ಯಾರೋ ನಕ್ಕರು. "ಬಸಣ್ಣಾ, ಬಾಟ್ಲಿ ಕುಡ್ಯಾಕ ಸುರು ಮಾಡೀಯೋ ಇಲ್ಲೋ? ಕೋಟ್ ಯಾವಾಗ ಬರ್ತದಂತ?"

ಅಪ್ಪನೂ ನಕ್ಕರು. ಎಲ್ಲರ ಜೊತೆ ನಗದಿದ್ದರೆ ನನ್ನ ಮರ್ಯಾದೆ ಹೋಗುತ್ತದೆಂದು ನಕ್ಕರು, ಅದು ನನಗೆ ಗೊತ್ತು. ಮನೆಯ ದಾರಿಯಲ್ಲಿ ಒಂದೇ ಮಾತು ಕೇಳಿದರು.

"ಬಲಕ್ಕಿನಂವ ಯಾರೋ ತಮ್ಮಾ?"

"ಯಾರೂ ಅಲ್ಲಪ್ಪಾ. ಪುಸ್ತಕದಾಗಿಂದು ನೋಡಿ ತಗದೆ."

"ಹೌದೇನು? ಅಂವನೂ ನಾನs ಇರಬೇಕಂತ ಅನಕೊಂಡಿದ್ದೆ."

ಒಬ್ಬನೇ ಮನುಷ್ಯ ಬಳಲಿದ್ದಾನೆ, ಅನಂತರ ಗುಣವಾಗಿದ್ದಾನೆ. ಪೋಸ್ಟರಿನ ಅರ್ಥವೇ ಅದು. ಎರಡೂ ಕಡೆ ಅಪ್ಪನ ಮುಖವೇ ಇರಬೇಕಿತ್ತು. ಕೆನ್ನೆಗೆ ಸ್ವಲ್ಪ ತುಂಬು ಕೊಟ್ಟು, ತಲೆಗೆ ಪಟಕಾ ಸುತ್ತಿದ್ದರೆ ಸಾಕಿತ್ತು. ನನಗೆ ಹೊಳೆಯಲೇ ಇಲ್ಲ. ಸೊರಗಿದವನನ್ನು ಬರೆ ಎಂದರೆ ನನ್ನ ಕೈ ಮನೆಯ ಗೋಡೆಯ ಕಡೆ ಹೋಯಿತು. ಸುಖವಾಗಿರುವವನನ್ನು ಬರೆ ಎಂದರೆ ಮುಂಬೈಯ ಮಾಸಿಕದ ಕಡೆ ಹೋಯಿತು. ಕಲಿತ ಮಕ್ಕಳಾದ ನಮ್ಮೆಲ್ಲರ ಕೈಯೂ ಹೀಗೆಯೇ ಹೋಗುತ್ತದೆಯೇ? ಅಥವಾ ನನ್ನದೊಂದೇ?

ಅವ್ವ ಇಷ್ಟು ಸುತ್ತಿ ಬಳಸಿ ಮಾತಾಡುವವಳಲ್ಲ. "ಊರಾಗ ಬ್ಯಾನಿ ಬಂದವ್ರು ಕಡಿಮಿ ಇದ್ರೇನು? ದವಾಖಾನಿ ಮುಂದ ಹೋಗಿ ಕುಂದ್ರಬೇಕಿತ್ತು. ಗಂಗೂನ ಸಾಖರಪುಡಾ ಇಟಗೊಂಡು ಅಪ್ಪನ ಮಾರೀನs ಬೇಕಾಗಿತ್ತೇನು ನಿನಗ?"

ಅವ್ವನ ಹೆದರಿಕೆ ಸುಳ್ಳಾಗಲಿಲ್ಲ. ತಂಗಿ ಗಂಗೂವಿಗೆ ವಳಸಂಗದ ವರ ಗೊತ್ತಾಗಿತ್ತು. ಸಾಖರಪುಡಾ, ಅಂದರೆ ಸಕ್ಕರೆ ಹಂಚಿ ನಿಶ್ಚಯ ಮಾಡುವ ಶಾಸ್ತ್ರ, ಹತ್ತಿರ ಬಂದಿತ್ತು. ಅದಕ್ಕೆ ಮುಂಚಿನ ರವಿವಾರ ವರನ ಸೋದರಮಾವ ನಮ್ಮ ಚಾಳಿಗೆ ಬಂದರು. ನೀರು ಕುಡಿದರು. ಮಳೆ ಬೆಳೆಯ ಮಾತಾಡಿದರು. ಆಮೇಲೆ ಕೋಟಿನ ಒಳಜೇಬಿನಿಂದ ಮಡಚಿದ ಕಾಗದ ತೆಗೆದು ಚಾಪೆಯ ಮೇಲೆ ಹರಡಿದರು. ಅಕ್ಕಲಕೋಟೆಯ ಮೋಟಾರ್ ಸ್ಟ್ಯಾಂಡಿನಿಂದ ಕಿತ್ತು ತಂದ ಪೋಸ್ಟರ್. ಮೂಲೆಯಲ್ಲಿ ಗೋಡೆಯ ಸುಣ್ಣ ಇನ್ನೂ ಅಂಟಿಕೊಂಡಿತ್ತು.

"ಬಸಣ್ಣಾರ, ಸಿಟ್ಟಾಗಬ್ಯಾಡ್ರಿ. ಹೆಣ್ಣು ತರೂ ಮಂದಿ, ಕೇಳಬೇಕಾಗ್ತದ. ಇದು ನೀವs ಏನ್ರಿ?"

ನಾನು ನಡುವೆ ಬಾಯಿ ಹಾಕಿದೆ. "ಅಲ್ರಿ ಮಾಮಾ. ಅದು ಕಲ್ಪನಾ ಚಿತ್ರ. ಯಾರದೂ ಅಲ್ಲ."

ಮಾವ ಕಾಗದದ ಮೇಲೆ ಗಾಯದ ಗುರುತಿದ್ದ ಹುಬ್ಬನ್ನು ನೋಡಿದರು. ಅಪ್ಪನ ಹುಬ್ಬನ್ನು ನೋಡಿದರು. ಒಳಗಿನ ಕೋಣೆಯಲ್ಲಿ ಬಳೆಯ ಸದ್ದು ನಿಂತುಹೋಯಿತು. ಗಂಗೂ ಬಾಗಿಲ ಹಿಂದೆ ಇದ್ದಳು.

"ಅದು ನಾನs ರೀ," ಎಂದರು ಅಪ್ಪ.

"ಅಪ್ಪಾ!"

"ಸುಮ್ನಿರೋ. ನನ್ನ ಮುಂದs ಕುಂತು ತಗದೀ. ಅಲ್ಲಂದ್ರ ನಿನ್ನ ಕೈ ಸುಳ್ಳಾತಲ್ಲ?" ಎಂದು ನನ್ನನ್ನು ಗದರಿಸಿ ಮಾವನ ಕಡೆ ತಿರುಗಿದರು. "ಚಿತ್ರ ನಂದು ರೀ. ಬ್ಯಾನಿ ನಂದಲ್ಲ."

ಆ ಮನೆಯಲ್ಲಿ ಸುಳ್ಳಾಡಿದವನು ಡಿಪ್ಲೊಮಾ ಪಡೆದವನೊಬ್ಬನೇ.

ಮಾವ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಕ್ಷಯವೆಂದರೆ ಯಾರಿಗೆ ಹೆದರಿಕೆಯಿಲ್ಲ? ಮಿಲ್ಲಿನಲ್ಲಿ ದುಡಿಯುವವರು, ಕೆಮ್ಮುತ್ತಾರೆ, ಮೇಲಾಗಿ ಗೋಡೆಯ ಮೇಲೆ ಹೀಗೆ ಬಂದಿದ್ದಾರೆ. ಎದೆಯ ಎಕ್ಸ್‌ರೇ ತೆಗೆಸಿ ತೋರಿಸಿದರೆ ಮುಂದಿನ ಮಾತು ಎಂದರು. ಅಪ್ಪ ಒಪ್ಪಿದರು. ಪಾಳಿ ತಪ್ಪಿಸಿ ದವಾಖಾನೆಯ ಸಾಲಿನಲ್ಲಿ ನಿಂತರು. ಅಂಗಿ ಬಿಚ್ಚುವಾಗ ನಾನು ಬೇರೆ ಕಡೆ ನೋಡಿದೆ. ಅವರ ಪಕ್ಕೆಲುಬುಗಳನ್ನೂ ನೋಡುತ್ತಿದ್ದರೆ ಎಲ್ಲಿ ಮತ್ತೆ ಬರೆದುಬಿಡುತ್ತೇನೋ ಎಂದು ನನ್ನ ಮೇಲೆ ನನಗೇ ನಂಬಿಕೆಯಿರಲಿಲ್ಲ.

ಎಕ್ಸ್‌ರೇಯಲ್ಲಿ ಏನೂ ದೋಷವಿರಲಿಲ್ಲ. ಹತ್ತಿಯ ಧೂಳಿನ ಕೆಮ್ಮು, ಅಷ್ಟೇ ಎಂದರು ಡಾಕ್ಟರು. ಅಪ್ಪನೂ ನಾನೂ ಬೆಳಗಿನ ಬಸ್ಸಿಗೆ ವಳಸಂಗಕ್ಕೆ ಹೋದೆವು. ಮಾವ ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಡಾಕ್ಟರು ಹೇಳಿದ್ದನ್ನು ನಾನು ಶುದ್ಧವಾಗಿ, ಒಂದು ಶಬ್ದವೂ ತಪ್ಪದಂತೆ ವಿವರಿಸಿದೆ. ಅವರು ಹಾಳೆಯನ್ನು ಅಪ್ಪನ ಕೈಗೆ ಮರಳಿ ಕೊಟ್ಟು, ಮಾತನ್ನು ಮಾತ್ರ ನನ್ನ ಕಡೆ ತಿರುಗಿ ಆಡಿದರು.

"ಇದನ್ನ ನಾ ಒಬ್ಬ ನೋಡೀನಿ, ತಮ್ಮಾ. ಊರ ಮಂದಿ ನೋಡಿಲ್ಲ. ಅವ್ರು ನೋಡಿದ್ದು ನಿನ್ನ ಚಿತ್ರ. ನಾಳಿ ಬೀಗರು ಬಂದಾಗ ಯಾರ್ಯಾರಿಗಂತ ಇದನ್ನ ಕಿಟಕಿಗೆ ಹಿಡದು ತೋರಿಸ್ಲಿ, ಹೇಳು?"

ಅಪ್ಪ ಎದ್ದು ಕೈ ಮುಗಿದರು. "ಬರ್ತೀವ್ರಿ" ಎಂದರು.

ಗಂಗೂ ಅಳುತ್ತಾಳೆಂದು ಹೆದರಿ ಮನೆಯೊಳಗೆ ಕಾಲಿಟ್ಟೆ. ಅವಳು ಅಳಲಿಲ್ಲ. "ಹೋಗ್ಲಿ ಬಿಡೋ ಅಣ್ಣಾ. ಆ ವರನ ಮಾರಿ ನೋಡಿದ್ದೇನು? ನಿನ್ನ ಬಲಕ್ಕಿನ ಚಿತ್ರದಾಂವನಂಗs ಹಲ್ಲು ಕಿಸಿತಿದ್ದ," ಎಂದಳು. ಎಲ್ಲರೂ ನಕ್ಕೆವು. ಆಮೇಲೆ ಅವಳು ನೀರು ತರುತ್ತೇನೆಂದು ಕೊಡ ತೆಗೆದುಕೊಂಡು ಹೋದಳು. ನಳದ ನೀರು ನಿಂತು ಎಷ್ಟೋ ಹೊತ್ತಾಗಿತ್ತು.

ಮರುದಿನ ಪ್ರೆಸ್ಸಿಗೆ ಹೋದೆ. ಆ ಪೋಸ್ಟರನ್ನು ತೆಗೆಸಿರಿ, ಇನ್ನು ಮುಂದೆ ನಿಮ್ಮ ಕೆಲಸ ನನಗೆ ಬೇಡ ಎಂದು ಹೇಳುವುದಕ್ಕಾಗಿಯೇ ಹೋದೆ. ಮರಾಠಿಯಲ್ಲಿ ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ಮಾಲಕರು ಎದ್ದು ಬಂದು ಬೆನ್ನು ತಟ್ಟಿದರು. ಟಾನಿಕ್ಕಿನ ಕಂಪನಿಯವರಿಗೆ ಎಡಗಡೆಯ ಮುಖ ಬಹಳ ಹಿಡಿಸಿದೆಯಂತೆ. ಇನ್ನಷ್ಟು ಅಚ್ಚು ಹಾಕಲು ಹೇಳಿದ್ದಾರಂತೆ. ನನಗೆ ಕಾಯಂ ಜಾಗ, ತಿಂಗಳ ಪಗಾರ. ಬೇಡ ಎನ್ನಲು ಹೋದವನು ಉಪಕಾರವಾಯಿತು ಎಂದು ಹೇಳಿ ಬಂದೆ.

ಈಗ ನಮ್ಮ ಮನೆಯ ಸ್ಥಿತಿ ಹೀಗಿದೆ. ವಳಸಂಗದ ಸಂಬಂಧ ಮುರಿದಿದೆ, ಹೊಸ ವರನ ಮಾತು ಯಾರೂ ತಂದಿಲ್ಲ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ ಗಂಗೂ ಶಿಕ್ಷಕಿಯರ ಟ್ರೇನಿಂಗಿಗೆ ಸೇರಲು ಅರ್ಜಿ ಹಾಕಿದ್ದಾಳೆ, ಖರ್ಚು ನನ್ನ ಪಗಾರದಿಂದ ಎಂದು ಗೊತ್ತಾಗಿದೆ. ಅಪ್ಪ ಪೋಸ್ಟರ್ ಇರುವ ದೊಡ್ಡ ಗೇಟಿನಿಂದ ಮಿಲ್ಲಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಹಿಂದಿನ ಗೇಟಿಗೆ ಸುತ್ತು ಹಾಕಿಕೊಂಡು ಹೋಗುತ್ತಾರೆ.

ನನಗೆ ನೌಕರಿ ಕಾಯಂ ಆದ ದಿನ ಅವರು ಜೊತೆಗಾರರಿಗೆಲ್ಲ ಪೇಢೆ ಹಂಚಿದರಂತೆ, ಆ ಹಿಂದಿನ ಗೇಟಿನಲ್ಲಿ ನಿಂತು.