ಬೋರ್ಡಕ್ಕ ಗೊತ್ತುಮಾಡಿದ ಶನಿವಾರ

ಬಸ್ ಡಿಪೋದಲ್ಲಿ ಯಾರು ಯಾವ ಬಸ್ಸು ಓಡಿಸಬೇಕು, ಯಾರಿಗೆ ರಜೆ ಎಂದು ಗೋಡೆಯ ಬೋರ್ಡಿನ ಮೇಲೆ ಬರೆಯುತ್ತಿದ್ದವಳನ್ನು ಎಲ್ಲರೂ ಬೋರ್ಡಕ್ಕ ಎನ್ನುತ್ತಿದ್ದರು. ಹಿಂದೆ ಅವಳೂ ಬಸ್ಸು ಓಡಿಸಿದವಳೇ. ಸೊಂಟನೋವು ಶುರುವಾದ ಮೇಲೆ ಕುರ್ಚಿಗೆ ಬಂದಳು. ಕುರ್ಚಿಯಿಂದ ಸೊಂಟಕ್ಕೆ ಸುಖ ಸಿಕ್ಕಿತು, ತಲೆಗೆ ಸಿಗಲಿಲ್ಲ. ಡ್ರೈವರುಗಳಿಗೆ ಡ್ಯೂಟಿ ಹಂಚುವುದೆಂದರೆ ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ. ಒಬ್ಬನನ್ನು ಕೂರಿಸುವಷ್ಟರಲ್ಲಿ ಇನ್ನೊಬ್ಬ ಜಿಗಿದಿರುತ್ತಾನೆ.

ಇದು ಸಾಲದೆಂದು ಆ ವರ್ಷ ಡಿಪೋದ ಹುಡುಗರು ರಗ್ಬಿ ಲೀಗ್ ತಂಡವೊಂದನ್ನು ಕಟ್ಟಿದರು. ಬಾಲನ್ನು ಕೈಯಲ್ಲಿ ಹಿಡಿದು, ಮೇಲೆ ಬೀಳುವವರಿಂದ ತಪ್ಪಿಸಿಕೊಂಡು, ಎದುರಾಳಿಗಳ ಗೆರೆ ದಾಟಿಸುವ ಆಟ ಅದು. ನಾಯಕ ಅವಳ ಮೈದುನ. ಅತ್ತೆ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಉಣ್ಣಿಸಿ, ಬೈದು, ಬೆಳೆಸಿದವಳು ಇವಳೇ. "ಅತ್ತಿಗೆ, ತಾರೀಖು ಹೊಂದಿಸೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ" ಎಂದು ಉಬ್ಬಿಸಿ, ತಂಡದ ಕಾರ್ಯದರ್ಶಿ ಕೆಲಸವನ್ನು ಅವಳ ಕೊರಳಿಗೆ ಕಟ್ಟಿದ.

ಕಟ್ಟಿಸಿಕೊಂಡದ್ದಕ್ಕೂ ಕಾರಣವಿತ್ತು. ಅವನು ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಪಂದ್ಯಗಳೆಲ್ಲ ದೂರದ ಊರುಗಳಲ್ಲಿ, ಅದೂ ಶನಿವಾರ. ಶನಿವಾರ ಬೋರ್ಡು ಬಿಟ್ಟು ಕದಲುವ ಹಾಗಿರಲಿಲ್ಲ. ಊದಿದ ತುಟಿ, ತರಚಿದ ಮೊಣಕೈ ಹೊತ್ತು ಅವನು ಮನೆಗೆ ಬರುವುದನ್ನಷ್ಟೇ ಕಂಡಿದ್ದಳು. ತಮ್ಮ ಊರಲ್ಲೇ ಮೊದಲ ಪಂದ್ಯ ನಡೆದರೆ ಅರ್ಧ ದಿನ ರಜೆ ಹಾಕಿ, ಮೈದಾನದ ಗೆರೆಯ ಪಕ್ಕದಲ್ಲೇ ನಿಂತು ನೋಡಬಹುದು. ಅವಳಿಗೆ ಬೇಕಾಗಿದ್ದು ಅಷ್ಟೇ.

ಆದರೆ ಆ ಶನಿವಾರ ಸಿಗಬೇಕಲ್ಲ! ಮೈದಾನ ಫುಟ್‌ಬಾಲ್ ಕ್ಲಬ್ಬಿನದು. ಕ್ಲಬ್ಬಿನ ಅಧ್ಯಕ್ಷ "ಧಾರಾಳವಾಗಿ ಆಡಿ" ಎಂದ. ಹುಲ್ಲು ನೋಡಿಕೊಳ್ಳುವ ಮುದುಕ "ಹೊಸ ಹುಲ್ಲು ಹಾಕಿದೀನಿ, ಒಬ್ರೂ ಕಾಲಿಡೋ ಹಾಗಿಲ್ಲ" ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹುಲ್ಲು ಬೇರು ಬಿಡುವ ಹೊತ್ತಿಗೆ ರೆಫರಿಯ ಮಗಳ ಮದುವೆ. ಮದುವೆ ಮುಗಿಯುವ ಹೊತ್ತಿಗೆ ಎದುರಾಳಿಗಳಿಗೆ ಬೇರೆ ಪಂದ್ಯ. ಇಷ್ಟರಲ್ಲಿ ಪಂದ್ಯ ನಡೆಸುವ ಲೀಗಿನ ಕಚೇರಿಯಿಂದ ಫೋನು: ಈ ವಾರದೊಳಗೆ ತಾರೀಖು ಹೇಳದಿದ್ದರೆ ಪಂದ್ಯ ಎದುರಾಳಿಗಳ ಊರಿಗೇ ಹೋಗುತ್ತದೆ. ಡ್ಯೂಟಿ ಮುಗಿಸಿ ದಿನಾ ಮುದುಕನ ಶೆಡ್ಡಿಗೆ ಅಲೆದಳು. ಅವನ ಗಲ್ಲ ಹಿಡಿದು ಬೇಡುವುದೊಂದು ಬಾಕಿ. ಕೊನೆಗೂ ಒಂದು ಶನಿವಾರಕ್ಕೆ ಎಲ್ಲರೂ ಹೂಂ ಎಂದರು.

ಆಟಗಾರರಿಗೆಲ್ಲ ರಜೆ ಬರೆದಳು. ಆಮೇಲೆ ಬಾಗಿಲಿಗೆ ಉಳಿದ ಡ್ರೈವರುಗಳು ಬಂದರು. "ಅಕ್ಕಾ, ನಾನೂ ನೋಡ್ಬೇಕು." "ಅಕ್ಕಾ, ನನ್ನ ತಮ್ಮ ಆಡ್ತಿದಾನೆ." ಅದೇ ಆಸೆ ಅವಳ ಹೊಟ್ಟೆಯಲ್ಲೂ ಇತ್ತು, ಇಲ್ಲ ಎನ್ನಲಾಗದೆ ಅವರಿಗೂ ರಜೆ ಬರೆದಳು. ಪಂದ್ಯದ ಹಿಂದಿನ ಸಂಜೆ ಸೀಮೆಸುಣ್ಣ ಹಿಡಿದು ನಿಂತರೆ, ಮೈದಾನದ ದಾರಿಯ ಬಸ್ಸಿಗೆ ಡ್ರೈವರೇ ಇಲ್ಲ! ಆ ಡಿಪೋದಲ್ಲಿ ಹಳೆಯ ಕಟ್ಟಳೆಯೊಂದಿತ್ತು: ಡ್ರೈವರ್ ಸಾಲದಿದ್ದರೆ ಬೋರ್ಡು ಬರೆದವರೇ ಬಸ್ಸು ಓಡಿಸಬೇಕು. ಮಾಡಿದ್ದುಣ್ಣೋ ಮಹಾರಾಯ.

"ಯಾರದಾದ್ರೂ ಒಬ್ರ ರಜೆ ಕ್ಯಾನ್ಸಲ್ ಮಾಡಿ ಅತ್ತಿಗೆ," ಎಂದ ಮೈದುನ.

"ಕೊಟ್ಟಿದ್ದನ್ನ ಕಿತ್ಕೊಳ್ಳೋದು ನನ್ನಿಂದಾಗಲ್ಲ."

"ಹಾಗಾದ್ರೆ ನಾನೇ ಓಡಿಸ್ತೀನಿ."

"ನೀನೇ ಇಲ್ದೆ ಅಲ್ಲೇನು ನೋಡ್ಲಿ, ಹುಲ್ಲಾ? ಸುಮ್ನೆ ಹೋಗಿ ಮಲಕ್ಕೋ."

ಶನಿವಾರ ಬಸ್ಸು ಕಿಕ್ಕಿರಿದಿತ್ತು. ಮೈದಾನದ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಸೊಂಟದ ಮೇಲೆ ಮಗು ಕೂರಿಸಿಕೊಂಡಿದ್ದ ಹೆಂಗಸೊಬ್ಬಳು "ನೀವು ಬರಲ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಓಡಿದಳು. ಖಾಲಿ ಬಸ್ಸು ಮುಂದೆ ಹೋಯಿತು. ಕೊನೆಯ ಸ್ಟಾಪಿನಿಂದ ತಿರುಗಿ ಬಂತು, ಮತ್ತೆ ಹೋಯಿತು. ಗಿಡ್ಡ ಗೋಡೆಯಾಚೆ ಅಂಗಿಗಳು ಓಡುವುದು ಕಾಣುತ್ತಿತ್ತು. ಅವುಗಳಲ್ಲಿ ತನ್ನ ಮೈದುನ ಯಾರೆಂದು ಗುರುತು ಹತ್ತುವಷ್ಟರಲ್ಲಿ ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಸೊಂಟ ಸಿಡಿಯುತ್ತಿತ್ತು. ಅವಳಿಗೆ ಅಳು ಬಂತು, ತನ್ನ ಮೇಲೆಯೇ ಸಿಟ್ಟೂ ಬಂತು.

ಕೊನೆಯ ಟ್ರಿಪ್ಪಿನಲ್ಲಿ ಮೈದುನ ಹತ್ತಿದ. ಮೈಯೆಲ್ಲ ಕೆಸರು, ಒಂದು ಕಣ್ಣು ಮುಚ್ಚಿಹೋಗಿತ್ತು. ಬಂದು ಅವಳ ಸೀಟಿನ ಪಕ್ಕದ ಕಂಬ ಹಿಡಿದು ನಿಂತ.

"ಗೆದ್ರಾ?"

"ಸೋತ್ವಿ. ನನ್ನಿಂದಾನೇ ಸೋತ್ವಿ ಅತ್ತಿಗೆ. ಬಾಲ್ ಹಿಡ್ಕೊಂಡು ಗೆರೆ ಹತ್ರಾನೇ ಬಂದಿದ್ದೆ. ಅಷ್ಟರಲ್ಲಿ ನಿಮ್ಮ ಬಸ್ಸು ಬಂತು. ನೋಡ್ತಿದೀರೇನೋ ಅಂತ ತಲೆ ಎತ್ತಿದೆ. ಬಾಲ್ ಜಾರಿಹೋಯ್ತು" ಎಂದ.

ಅವಳು ನೋಡಿರಲಿಲ್ಲ. ಯಾವ ಟ್ರಿಪ್ಪಿನಲ್ಲಿ ಎಂಬುದೂ ಅವಳಿಗೆ ತಿಳಿಯಲಿಲ್ಲ. ಎದುರಿಗೆ ಲಾರಿ ಬಂದಿತ್ತೋ, ಯಾರಾದರೂ ರಸ್ತೆ ದಾಟುತ್ತಿದ್ದರೋ.

"ನೋಡ್ದೆ ಕಣೋ," ಎಂದಳು, ಕಣ್ಣು ರಸ್ತೆಯ ಮೇಲಿಟ್ಟೇ. "ಬಾಲ್ ಜಾರೋಕೆ ಮುಂಚೆ ಎಷ್ಟು ಚೆನ್ನಾಗಿ ಓಡ್ದೆ!"